ಏಳಿಗೆಯ ಲೆಕ್ಕದಲ್ಲಿ ಯಾರ ಪಾಲು ಎಷ್ಟು?

(ಶತಮಾನೋತ್ಸವದ ಅಂಗವಾಗಿ ನಡೆದ ಯುವಜನರ ಹಾಗೂ ತಂದೆತಾಯಿಗಳ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ‘ಜೀವನದಲ್ಲಿ ಯಶಸ್ಸು’ ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಉತ್ಸವ ಸಮಿತಿಯವರು ನಮ್ಮನ್ನು ಕೇಳಿಕೊಂಡರು. ಅದೇ ಸಮಿತಿಯವರು ಮುಂದಿನ ಭಾನುವಾರ ಸನ್ಮಾನಿಸಲಿರುವ ಸಾಧಕರ ಪಟ್ಟಿಯನ್ನೂ ಸನ್ಮಾನಪತ್ರಗಳ ಕರಡನ್ನೂ ನಮಗೆ ತೋರಿಸಿದರು. ವೈದ್ಯರು, ಇಂಜಿನಿಯರರು, ಅಧ್ಯಾಪಕರು, ಬ್ಯಾಂಕಿನ ಅಧಿಕಾರಿಗಳು, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಕುಟುಂಬವನ್ನು ನೆಲೆಗೊಳಿಸಿದವರು, ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಕಡೆಯಲ್ಲಿ ನಮ್ಮ ಹೆಸರೂ ಇತ್ತು. ‘ಬಡ ಒಕ್ಕಲು ಮನೆತನದಲ್ಲಿ ಹುಟ್ಟಿ, ಕೇವಲ ಸ್ವಪ್ರಯತ್ನದಿಂದ ಈ ಸ್ಥಾನಕ್ಕೇರಿದವರು’ ಎಂದು ನಮ್ಮನ್ನು ಕುರಿತು ಬರೆಯಲಾಗಿತ್ತು. ಬರೆದವರ ಪ್ರೀತಿಗೆ ನಾವು ಋಣಿಗಳು. ಆದರೆ ‘ಕೇವಲ ಸ್ವಪ್ರಯತ್ನದಿಂದ’ ಎಂಬ ಎರಡು ಪದಗಳನ್ನು ಹೊಡೆದುಹಾಕಬೇಕೆಂದು ಕೋರಿದೆವು. ಹಾಗೇಕೆ ಕೋರಿದೆವೆಂಬುದನ್ನು ವಿವರಿಸುವುದೇ ಇಂದಿನ ಮಾತಿನ ಉದ್ದೇಶ.

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತ ಬಂದವರು. ಅದು ಸುಳ್ಳಲ್ಲ. ಕೈ ಕೆಸರಾಗದೆ ಮೊಸರುಣ್ಣುವವನನ್ನು ಯಾರೂ ಮೆಚ್ಚುವುದಿಲ್ಲ. ಆದರೆ ಆಯುಷ್ಯವೆಲ್ಲ ಕೈ ಕೆಸರು ಮಾಡಿಕೊಂಡೂ ಮೊಸರಿನ ರುಚಿಯನ್ನೇ ಕಾಣದವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಗಾದೆ ಅವರ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ.

ನಮ್ಮ ತಂದೆಯವರು ಕರಾವಳಿಯ ಒಂದು ಗ್ರಾಮದಲ್ಲಿ ಚಾಲಗೇಣಿಗೆ ಗದ್ದೆ ಮಾಡುತ್ತಿದ್ದರು. ಬೆಳೆದ ಬೆಳೆಯಲ್ಲಿ ಧಣಿಗಳ ಮನೆಗೆ ಮುಡಿ ಅಕ್ಕಿ ಮೊದಲು ಹೋಗಬೇಕು. ಉಳಿದುದು ನಮ್ಮ ಮನೆಗೆ. ಮಳೆಗಾಲದ ಕೊನೆಯ ವಾರಗಳಲ್ಲಿ ಗಂಜಿಯಲ್ಲಿ ಅನ್ನವನ್ನು ಹುಡುಕಬೇಕಾಗುತ್ತಿತ್ತು. ನಮ್ಮ ಗದ್ದೆಯ ಬದಿಯಲ್ಲಿಯೇ ಒಬ್ಬ ಕೂಲಿಯಾಳಿನ ಗುಡಿಸಲಿತ್ತು. ಉಳುವಾಗ, ನೇಜಿ ನೆಡುವಾಗ, ಕೊಯ್ಯುವಾಗ ಅವನೂ ಅವನ ಹೆಂಡತಿಯೂ ನಮ್ಮ ತಂದೆತಾಯಿಗಳ ಜೊತೆಯಲ್ಲಿ ಅದೇ ಕೆಸರಿನಲ್ಲಿರುತ್ತಿದ್ದರು. ಬೆವರಿನ ಲೆಕ್ಕ ಹಾಕಿದರೆ ಅವರದು ಒಂದು ಹನಿ ಹೆಚ್ಚೇ ಇದ್ದೀತು.

ಹೀಗಿರುವಾಗ ಭೂಸುಧಾರಣೆಯ ಕಾನೂನು ಬಂದಿತು. ಮೂಲ ಕಾಯಿದೆ 1961ರದು; 1965ರಲ್ಲಿ ಜಾರಿಗೆ ಬಂದಿದ್ದರೂ ಒಕ್ಕಲುಗಳ ಬದುಕು ಅದರಿಂದ ಹೆಚ್ಚು ಬದಲಾಗಿರಲಿಲ್ಲ. ಶ್ರೀ ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದಾಗ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿಯ ಭೂಮಿಯೆಲ್ಲ ಅಂದಿನಿಂದ ಸರ್ಕಾರಕ್ಕೆ ಸೇರಿತು. ಗೇಣಿದಾರರು ಏಳನೇ ನಮೂನೆಯಲ್ಲಿ ಅರ್ಜಿ ಸಲ್ಲಿಸಿ, ಭೂನ್ಯಾಯ ಮಂಡಳಿಯ ಮುಂದೆ ಹಾಜರಾಗಿ, ತಾವು ಮಾಡುತ್ತಿದ್ದ ಭೂಮಿಯ ಹಕ್ಕನ್ನು ಪಡೆಯಬಹುದಾಯಿತು. ನಮ್ಮ ಕಡೆಯ ಹಿರಿಯರು ಅದನ್ನು ‘ಡಿಕ್ಲರೇಶನ್ ಕೊಡುವುದು’ ಎಂದು ಕರೆಯುತ್ತಿದ್ದರು.

ಆಗ ನಮಗೆ ಹದಿನಾಲ್ಕು ವರ್ಷ. ಅಂದಿನ ನಮ್ಮೂರ ಗುರುಗಳು ಭಾನುವಾರದ ಬಲಿಪೂಜೆಯ ನಂತರ ಈ ಕಾನೂನನ್ನು ಜನರಿಗೆ ಬಿಡಿಸಿ ಹೇಳಿದರು. ಗುರುಮನೆಯ ಜಗಲಿಯಲ್ಲಿ ಕುಳಿತು, ಓದು ಬರಹ ಬಾರದವರ ಅರ್ಜಿಗಳನ್ನು ತಾವೇ ತುಂಬಿದರು. ನಮ್ಮ ತಂದೆಯವರು ಅಲ್ಲಿಯೇ ಹೆಬ್ಬೆಟ್ಟು ಒತ್ತಿದರು. ಕಾಲಕ್ರಮದಲ್ಲಿ ಗದ್ದೆ ನಮ್ಮದಾಯಿತು. ಗೇಣಿ ಅಕ್ಕಿ ಮನೆಯಲ್ಲಿಯೇ ಉಳಿಯಿತು. ಒಬ್ಬ ಮಗನನ್ನು ಗದ್ದೆಯ ಕೆಲಸದಿಂದ ಬಿಡಿಸಿ ಗುರುಮಠಕ್ಕೆ ಕಳುಹಿಸುವ ಧೈರ್ಯ ತಂದೆಯವರಿಗೆ ಬಂದಿತು.

ನೆರೆಮನೆಯ ಆ ಕೂಲಿಯಾಳು ಗೇಣಿದಾರನಲ್ಲ. ಆದುದರಿಂದ ಅವನಿಗೆ ಗದ್ದೆ ದೊರೆಯಲಿಲ್ಲ. ಗುಡಿಸಲಿದ್ದ ಅಡಿಸ್ಥಳವಷ್ಟೇ ದೊರೆಯಿತು. ಇನ್ನೊಬ್ಬ ಒಕ್ಕಲು, ಅನ್ನವಿಟ್ಟ ಧಣಿಗಳ ವಿರುದ್ಧ ಅರ್ಜಿ ಕೊಡುವುದು ಪಾಪವೆಂದು ಹೆದರಿ ಸುಮ್ಮನಿದ್ದನು. ಹಲವು ಸಲ ಮುಂದೂಡಲ್ಪಟ್ಟಿದ್ದ ಅರ್ಜಿಯ ಅವಧಿ 1979ರ ಜೂನ್ 30ಕ್ಕೆ ಮುಗಿದಾಗ ಅವನ ಕೈ ಬರಿದಾಗಿತ್ತು. ಅತ್ತ ಗೇಣಿಯ ನಾಲ್ಕು ಮುಡಿ ಅಕ್ಕಿಯನ್ನೇ ನಂಬಿ ಬದುಕಿದ್ದ ಒಬ್ಬ ವಿಧವೆ ಒಡತಿಯ ಅಡಿಗೆಮನೆಯಲ್ಲಿ ಒಲೆ ಆರಿದ್ದನ್ನೂ ನಾವು ಬಲ್ಲೆವು. ಕಾನೂನು ನ್ಯಾಯವಾದುದೇ. ಆದರೆ ನಮ್ಮ ಮನೆಗೆ ಬಂದ ಭಾಗ್ಯ ಯಾರಿಗೂ ಏನೂ ತಗಲದೆ ಬಂದುದಲ್ಲ.

ಪ್ರಿಯರೇ, ಮೂವರ ಕೈಗೂ ಮೆತ್ತಿದ ಕೆಸರು ಒಂದೇ. ಒಬ್ಬನ ಮಗ ಗುರುವಾದನು; ಉಳಿದಿಬ್ಬರ ಮಕ್ಕಳು ಕೂಲಿಗೆ ಹೋದರು. ನಡುವೆ ಇದ್ದ ಅಂತರ ಒಂದು ಕಾಗದದ್ದು, ಆ ಕಾಗದದ ಸುದ್ದಿ ಹೇಳುವವರೊಬ್ಬರು ಇದ್ದುದರದು. ಇದನ್ನು ಸ್ವಪ್ರಯತ್ನವೆಂದು ಕರೆಯುವುದು ಹೇಗೆ?

ಇದು ನಮ್ಮೊಬ್ಬರ ಮನೆಯ ಕಥೆಯೆಂದು ತಿಳಿಯಬೇಡಿರಿ. ಪ್ರಪಂಚವೇ ಮೆಚ್ಚಿದ ಸಾಧಕರ ಬಾಳಿನಲ್ಲಿಯೂ ಇದೇ ಲೆಕ್ಕವಿದೆ. ವಂಶವಾಹಿ ಗುಣಗಳ ನಿಯಮವನ್ನು ಕಂಡುಹಿಡಿದ ಗ್ರೆಗರ್ ಮೆಂಡೆಲರ ಹೆಸರನ್ನು ಪ್ರೌಢಶಾಲೆಯ ಮಕ್ಕಳೆಲ್ಲರೂ ಓದಿದ್ದೀರಿ. ಅವರು ನಮ್ಮಂತೆಯೇ ಒಬ್ಬ ಕಥೋಲಿಕ ಗುರು, ಅಗಸ್ತೀನರ ಸಭೆಯ ಮಠವಾಸಿ. 1822ರಲ್ಲಿ, ಅಂದಿನ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಸೈಲೀಷಿಯಾ ಪ್ರಾಂತದ ಹಳ್ಳಿಯೊಂದರಲ್ಲಿ ಹುಟ್ಟಿದರು. ತಂದೆ ರೈತ; ವಾರಕ್ಕೆ ಮೂರು ದಿನ ಜಮೀನುದಾರನ ಭೂಮಿಯಲ್ಲಿ ಬಿಟ್ಟಿ ದುಡಿಯಬೇಕಾಗಿದ್ದವರು. ಆ ತಂದೆ ಅಪಘಾತದಲ್ಲಿ ಪೆಟ್ಟುತಿಂದು ಮೊದಲಿನಂತೆ ದುಡಿಯಲಾರದಾದಾಗ ಮಗನ ಓದು ಅಲ್ಲಿಗೇ ನಿಲ್ಲುವಂತಿತ್ತು. ಆಗ ಅವರ ತಂಗಿ ಥೆರೇಸಿಯಾ, ತನ್ನ ವರದಕ್ಷಿಣೆಗೆಂದು ಇಟ್ಟಿದ್ದುದರಲ್ಲಿ ಒಂದು ಪಾಲನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು.

1843ರಲ್ಲಿ ಅವರು ಬ್ರನೋ ಪಟ್ಟಣದ ಮಠವನ್ನು ಸೇರಿದರು. ಅಧ್ಯಾಪಕರ ಅರ್ಹತಾ ಪರೀಕ್ಷೆಯಲ್ಲಿ 1850ರಲ್ಲಿ ನಪಾಸಾದರು. ಮಠದವರು ಕೈಬಿಡಲಿಲ್ಲ, ವಿಯೆನ್ನಾದ ವಿಶ್ವವಿದ್ಯಾಲಯಕ್ಕೆ ಕಳುಹಿಸಿ ಓದಿಸಿದರು. 1856ರಲ್ಲಿ ಮತ್ತೆ ಅದೇ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಆದರೂ ಮಠಾಧಿಪತಿಗಳಾದ ಸಿರಿಲ್ ನಾಪ್ ಅವರ ಆಶ್ರಯ ತಪ್ಪಲಿಲ್ಲ. ಅದೇ ವರ್ಷ ಮಠದ ತೋಟದಲ್ಲಿ ಬಟಾಣಿ ಗಿಡಗಳ ಪ್ರಯೋಗ ಆರಂಭವಾಯಿತು. ಎಂಟು ವರ್ಷ, ಸಾವಿರಾರು ಗಿಡಗಳು. ಒಂದೊಂದು ಕಾಳನ್ನೂ ಎಣಿಸಿ ಬರೆದಿಟ್ಟ ಆ ತಾಳ್ಮೆ ಮೆಂಡೆಲರದೇ. ಆದರೆ ಅದಕ್ಕೆ ಬೇಕಾದ ತೋಟ, ಬಿಡುವು ಮತ್ತು ಎರಡು ಹೊತ್ತಿನ ಊಟ ಬೇರೆಯವರು ಕೊಟ್ಟದ್ದು.

ಇನ್ನೊಂದು ಸಂಗತಿಯನ್ನು ಗಮನಿಸಿರಿ. ಬಟಾಣಿಯಲ್ಲಿ ನಿಯಮ ಸ್ಫಟಿಕದಂತೆ ಸ್ಪಷ್ಟವಾಗಿ ಕಂಡಿತು. ಅನಂತರ ಅವರು ಹಾಕ್‌ವೀಡ್ ಎಂಬ ಕಾಡುಗಿಡವನ್ನು ತೆಗೆದುಕೊಂಡು, ಕಣ್ಣು ನೋಯುವವರೆಗೆ ದುಡಿದರೂ ಆ ನಿಯಮ ಅಲ್ಲಿ ಕಾಣಲಿಲ್ಲ. ಆ ಗಿಡ ಬಹುಮಟ್ಟಿಗೆ ಪರಾಗದ ಸಂಪರ್ಕವಿಲ್ಲದೆಯೇ ಬೀಜ ಕಟ್ಟುತ್ತದೆಂಬುದು ತಿಳಿದದ್ದು ಬಹುಕಾಲದ ಮೇಲೆ. ಅದೇ ಮನುಷ್ಯ, ಅದೇ ಬುದ್ಧಿ, ಅದೇ ಶ್ರದ್ಧೆ. ಒಂದು ಗಿಡ ಒಲಿಯಿತು, ಇನ್ನೊಂದು ಒಲಿಯಲಿಲ್ಲ.

1865ರಲ್ಲಿ ಮೆಂಡೆಲರು ತಮ್ಮ ಪ್ರಬಂಧವನ್ನು ಬ್ರನೋದ ವಿದ್ವಾಂಸರ ಮುಂದೆ ಓದಿದರು. ಮರುವರ್ಷ ಅದು ಅಚ್ಚಾಯಿತು. ಅದರ ಬೆಲೆಯನ್ನು ಅರಿತವರು ಇಲ್ಲವೆನ್ನುವಷ್ಟು ಕಡಿಮೆ. 1868ರಲ್ಲಿ ಅವರು ಮಠಾಧಿಪತಿಯಾದರು. 1884ರ ಜನವರಿ 6ರಂದು ತೀರಿಕೊಂಡರು. 1900ರಲ್ಲಿ ಮೂವರು ವಿಜ್ಞಾನಿಗಳು ಅದೇ ನಿಯಮಕ್ಕೆ ಬಂದು ಮುಟ್ಟಿದಾಗ ಮೆಂಡೆಲರ ಹೆಸರು ಬೆಳಕಿಗೆ ಬಂದಿತು. ಕೀರ್ತಿಯೇ ಯಶಸ್ಸಾದರೆ, ಅವರ ಯಶಸ್ಸು ಅವರು ತೀರಿಕೊಂಡ ಹದಿನಾರು ವರ್ಷಗಳ ಮೇಲೆ ಬೇರೆಯವರ ಕೈಯಿಂದ ಬಂದಿತೆನ್ನಬೇಕು. ಹಾಗಾದರೆ ಬದುಕಿದ್ದಷ್ಟು ಕಾಲವೂ ಅವರು ಸೋತವರೇ?

ಅಲ್ಲವೆಂದು ನಾವು ನಂಬುತ್ತೇವೆ. ಕೀರ್ತಿ ಅವರ ಕೈಯಲ್ಲಿರಲಿಲ್ಲ. ಅವರ ಕೈಯಲ್ಲಿದ್ದುದು ಎರಡೇ. ಹಿಡಿದ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುವುದು ಒಂದು. ಪಡೆದುದನ್ನು ಮರೆಯದಿರುವುದು ಇನ್ನೊಂದು. ತಂಗಿ ಥೆರೇಸಿಯಾಳ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸಕ್ಕೆ ಮೆಂಡೆಲರು ನೆರವಾದರು. ಅವರಲ್ಲಿ ಇಬ್ಬರು ವೈದ್ಯರಾದರು.

ಈ ಥೆರೇಸಿಯಾಳ ಸಂಗತಿಯನ್ನು ಓದಿದಾಗಲೆಲ್ಲ ನಮಗೆ ನಮ್ಮ ಅಕ್ಕನ ನೆನಪು ಬರುತ್ತದೆ. ಅವರು ನಮಗಿಂತ ನಾಲ್ಕು ವರ್ಷ ಹಿರಿಯರು. ಏಳನೆಯ ತರಗತಿ ಮುಗಿಯುತ್ತಲೇ ಶಾಲೆ ಬಿಟ್ಟು ಬೀಡಿ ಕಟ್ಟಲು ಕುಳಿತರು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ರಾತ್ರಿ ಚಿಮಿಣಿ ದೀಪದ ಬೆಳಕಿನಲ್ಲಿ ಕಟ್ಟುಗಳನ್ನು ಎಣಿಸುತ್ತಿದ್ದರು. ಸರಿಯಿಲ್ಲವೆಂದು ತಳ್ಳಿಹಾಕಿದ ಬೀಡಿಗಳಿಗೆ ಕೂಲಿಯಿಲ್ಲ. ಆ ಹಣದಿಂದಲೇ ನಮ್ಮ ಪುಸ್ತಕ, ಅಂಗಿ, ಪರೀಕ್ಷೆಯ ಶುಲ್ಕ ಎಲ್ಲವೂ ನಡೆಯಿತು.

2012ರಲ್ಲಿ ನಮ್ಮ ಗುರುದೀಕ್ಷೆಯ ಬೆಳ್ಳಿಹಬ್ಬವಾಯಿತು. ಅಂದೂ ವೇದಿಕೆಯ ಮೇಲೆ ‘ಸ್ವಪ್ರಯತ್ನ’ ಎಂಬ ಪದವೇ ಕೇಳಿಬಂದಿತು. ನಾವು ಸಂತೋಷದಿಂದಲೇ ತಲೆಯಾಡಿಸಿದೆವು. ಅಕ್ಕ ಅಡಿಗೆಯ ಚಪ್ಪರದಲ್ಲಿದ್ದರು. ಸಂಜೆ ನೆಂಟರೆಲ್ಲರೂ ಹೋದ ಮೇಲೆ, ಹಳೆಯ ಶಾಲೆಯ ಮಾತು ಬಂದಾಗ ಅವರು ನಗುತ್ತಲೇ ಹೇಳಿದರು: “ಏಳನೆಯ ತರಗತಿಯಲ್ಲಿ ಲೆಕ್ಕಕ್ಕೆ ನಾನೇ ಮೊದಲು ಬರುತ್ತಿದ್ದೆ, ಫಾದರ್. ನಿಮಗೆ ಆ ಲೆಕ್ಕಗಳನ್ನು ಹೇಳಿಕೊಟ್ಟವಳೂ ನಾನೇ.”

ಇಪ್ಪತ್ತೈದು ವರ್ಷ ಪ್ರಬೋಧನೆ ಮಾಡಿದ ನಮ್ಮ ಬಾಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅಕ್ಕನಿಗೆ ಬುದ್ಧಿಯಿತ್ತು, ಶ್ರದ್ಧೆಯಿತ್ತು. ಇಲ್ಲದಿದ್ದುದು ಅವಕಾಶವೊಂದೇ, ಅವರ ಪಾಲಿನ ಅವಕಾಶವನ್ನು ಉಂಡವರು ನಾವು.

ಪವಿತ್ರ ಗ್ರಂಥದಲ್ಲಿ ದ್ರಾಕ್ಷಾತೋಟದ ಕೂಲಿಗಳ ದೃಷ್ಟಾಂತವಿದೆ. ಸಂಜೆಯಾಗುತ್ತಿದ್ದರೂ ಸಂತೆಯ ಬೀದಿಯಲ್ಲಿ ನಿಂತಿದ್ದವರನ್ನು ಯಜಮಾನನು ವಿಚಾರಿಸಿದಾಗ, ತಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲವೆಂಬುದೇ ಅವರ ಉತ್ತರ. ಅವರು ಸೋಮಾರಿಗಳಾಗಿರಲಿಲ್ಲ. ಬೆಳಗ್ಗೆಯೇ ಕೆಲಸ ದೊರೆತವರು ತಾವು ಸಹಿಸಿದ ಬಿಸಿಲನ್ನು ಲೆಕ್ಕ ಹಾಕಿದರು. ಆದರೆ ಆ ದಿನವೆಲ್ಲ ‘ಸಂಜೆಗೆ ಕೂಲಿಯುಂಟು’ ಎಂಬ ನೆಮ್ಮದಿಯಲ್ಲಿ ದುಡಿದುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕರೆಯುವವರಿಲ್ಲದೆ ಬೀದಿಯಲ್ಲಿ ನಿಲ್ಲುವುದು ಬಿಸಿಲಿಗಿಂತ ಕಠಿಣ.

ನಮ್ಮ ಧರ್ಮಕೇಂದ್ರದಲ್ಲಿಯೂ ಅಂಥವರಿದ್ದಾರೆ. 1973ರ ನಂತರ ಎಣ್ಣೆಯ ಬೆಲೆ ಏರಿ ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸದ ಬಾಗಿಲು ತೆರೆದಾಗ, ಇಪ್ಪತ್ತರ ಪ್ರಾಯದಲ್ಲಿದ್ದು, ವೀಸಾ ಕಳುಹಿಸುವ ಮಾವನೋ ಅಣ್ಣನೋ ಇದ್ದವರು ಹೋದರು. ಅವರು ಅಲ್ಲಿ ಪಟ್ಟ ಕಷ್ಟವನ್ನು ನಾವು ಕಡೆಗಣಿಸುವುದಿಲ್ಲ. ಮಕ್ಕಳ ಮುಖ ಕಾಣದೆ ಕಳೆದ ವರ್ಷಗಳಿಗೆ ಬೆಲೆ ಕಟ್ಟಲಾಗದು. ಆದರೆ ಅಷ್ಟೇ ಗಟ್ಟಿಗನಾದ ನೆರೆಯವನಿಗೆ ಕಾಗದ ಬರೆಯುವವರು ಯಾರೂ ಇರಲಿಲ್ಲ. ಇಂದು ಒಬ್ಬನ ಮನೆ ಎರಡು ಅಂತಸ್ತಿನದು. ಇನ್ನೊಬ್ಬನು ದೇವಾಲಯದ ಕೊನೆಯ ಸಾಲಿನಲ್ಲಿ ನಿಂತು, ಬಲಿಪೂಜೆ ಮುಗಿಯುವ ಮೊದಲೇ ಹೊರಟುಹೋಗುತ್ತಾನೆ. ಅವನು ಹಾಗೆ ಹೋಗುವುದು ಭಕ್ತಿಯ ಕೊರತೆಯಿಂದಲ್ಲ; ‘ಮಗ ಏನು ಮಾಡುತ್ತಿದ್ದಾನೆ?’ ಎಂಬ ನಮ್ಮ ಪ್ರಶ್ನೆಯ ಭಯದಿಂದ.

ಇದೆಲ್ಲವನ್ನೂ ಕೇಳಿ, ಪ್ರಯತ್ನ ವ್ಯರ್ಥವೆಂದು ಯುವಕರು ಯಾರೂ ಭಾವಿಸಬಾರದು. ಬಾಗಿಲು ತೆರೆದಾಗ ಒಳಗೆ ಹೋಗಲು ಕಾಲಿನಲ್ಲಿ ಬಲವಿರಬೇಕು. ತಂದೆಯವರು ಗದ್ದೆಯನ್ನು ಹಡಿಲು ಬಿಟ್ಟಿದ್ದರೆ ಯಾವ ಕಾನೂನೂ ನಮ್ಮನ್ನು ಉದ್ಧರಿಸುತ್ತಿರಲಿಲ್ಲ. ದುಡಿಯಿರಿ, ಓದಿರಿ. ಗೆದ್ದರೆ ‘ನಾನೇ ಗೆದ್ದೆ’ ಎನ್ನಬೇಡಿರಿ. ಸೋತರೆ ‘ನಾನು ಕೆಲಸಕ್ಕೆ ಬಾರದವನು’ ಎಂದೂ ಎನ್ನಬೇಡಿರಿ. ಎರಡೂ ಪೂರ್ತಿ ಸತ್ಯವಲ್ಲ. ಎಷ್ಟು ಎತ್ತರಕ್ಕೆ ಏರಿದೆವೆಂಬುದರಲ್ಲಿ ನಮ್ಮ ಪಾಲು ಸ್ವಲ್ಪ. ಏರಿದ ಮೇಲೆ ಯಾರಿಗೆ ಕೈ ಚಾಚಿದೆವೆಂಬುದು ಪೂರ್ತಿಯಾಗಿ ನಮ್ಮದು. ಅದನ್ನೇ ನಾವು ಯಶಸ್ಸೆಂದು ಕರೆಯುತ್ತೇವೆ.

ಕಡೆಯದಾಗಿ ಮೂರು ಬೇಡಿಕೆಗಳು. ಸನ್ಮಾನಕ್ಕೆ ಬರುವವರು, ತಮ್ಮ ಏಳಿಗೆಗೆ ಕಾರಣರಾದ ಒಬ್ಬರನ್ನಾದರೂ ಜೊತೆಯಲ್ಲಿ ಕರೆತನ್ನಿರಿ. ಅವರು ತೀರಿಕೊಂಡಿದ್ದರೆ ಹೆಸರನ್ನಾದರೂ ಹೇಳಿರಿ. ತಂದೆತಾಯಿಗಳು, ಪರೀಕ್ಷೆಯಲ್ಲಿ ನಪಾಸಾದ ಮಗುವನ್ನು ನೆರೆಮನೆಯ ಮಗುವಿನೊಡನೆ ತೂಗಿ ನೋಡುವುದನ್ನು ಬಿಡಿರಿ. ಉತ್ಸವದ ಖರ್ಚು ಕಳೆದು ಉಳಿಯುವ ಹಣದಿಂದ ಇನ್ನೊಂದು ಕಮಾನು ಕಟ್ಟುವ ಬದಲು, ಶಾಲೆ ಬಿಡುವಂತಾದ ಮಕ್ಕಳಿಗಾಗಿ ಒಂದು ವಿದ್ಯಾನಿಧಿಯನ್ನು ಸ್ಥಾಪಿಸಿರಿ. ಅದರಲ್ಲಿ ಹೆಣ್ಣುಮಕ್ಕಳಿಗೆ ಮೊದಲ ಸ್ಥಾನವಿರಲಿ.

ಮುಂದಿನ ಭಾನುವಾರ ನಮ್ಮ ಅಕ್ಕ ಬರಲು ಒಪ್ಪಿದ್ದಾರೆ. ಸಮಿತಿಯವರು ಅವರಿಗಾಗಿ ಮುಂದಿನ ಸಾಲಿನಲ್ಲಿ ಒಂದು ಕುರ್ಚಿಯನ್ನು ಕಾದಿರಿಸಬೇಕಾಗಿ ಕೋರುತ್ತೇವೆ. ಅಡಿಗೆಯ ಚಪ್ಪರದ ಕೆಲಸಕ್ಕೆ ಈ ಸಲ ಬೇರೆಯವರು ಇರಲಿ.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.