ಗೋಡೆಗೆ ಅಂಟಿಸಿದ ಕಾಗದದ ಪಟ್ಟಿ



ಊರಿಗೆ ಬಂದಾಗಲೆಲ್ಲ, "ಬಿ.ಇ. ಓದಿ ಬೆಂಗಳೂರಲ್ಲಿ ಏನು ಕೆಲಸ ಮಾಡ್ತೀಯಪ್ಪಾ?" ಎಂದು ಕೇಳುತ್ತೀರಿ. ಸೇತುವೆ, ದೊಡ್ಡ ಕಟ್ಟಡಗಳು ಎಷ್ಟು ಅಲುಗುತ್ತವೆ ಎಂದು ಅಳೆಯುವ ಸೆನ್ಸರುಗಳಿವೆ. ಅವು ಕಳಿಸುವ ಅಂಕಿಗಳನ್ನು ಓದುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ.

ಸೇತುವೆ ಅಲುಗುತ್ತದೆಯೇ ಎಂದು ನಗಬೇಡಿ. ಗಾಳಿಗೆ, ಲಾರಿಯ ಭಾರಕ್ಕೆ ಪ್ರತಿ ಸೇತುವೆಯೂ ಕಣ್ಣಿಗೆ ಕಾಣದಷ್ಟು ಕಂಪಿಸುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಮ್ಮಂದಿರು ತಟ್ಟಿ ನೋಡುತ್ತಾರಲ್ಲ? ಗಟ್ಟಿ ಮಡಕೆ ಠಣ್ ಎನ್ನುತ್ತದೆ, ಸೀಳು ಬಿಟ್ಟದ್ದರ ಸದ್ದೇ ಬೇರೆ. ಸೇತುವೆಗೂ ಹಾಗೆಯೇ. ಸೆಕೆಂಡಿಗೆ ಇಷ್ಟು ಸಲ ಎಂದು ಅದಕ್ಕೊಂದು ಸಹಜ ಕಂಪನವಿದೆ. ಒಳಗೆ ಬಿರುಕು ಬಿಟ್ಟು ಬಿಗಿ ಕಡಿಮೆಯಾದರೆ ಆ ಸಂಖ್ಯೆ ಇಳಿಯುತ್ತದೆ. ಬಿಸಿಲು ಚಳಿಗೂ ಅದು ಸ್ವಲ್ಪ ಬದಲಾಗುವುದರಿಂದ ಒಂದು ದಿನ ಅಳೆದರೆ ಸಾಲದು, ವರ್ಷಗಟ್ಟಲೆ ಅಳೆಯಬೇಕು.

ಹಿಂದೆ ಪ್ರತಿ ಸೆನ್ಸರಿಗೂ ತಂತಿ ಎಳೆಯಬೇಕಿತ್ತು. ಖರ್ಚು ಬಹಳ. 2006ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ತೂಗುಸೇತುವೆಯ ಮೇಲೆ ತಂತಿಯಿಲ್ಲದ 64 ಸೆನ್ಸರ್ ಘಟಕಗಳನ್ನು ಇಟ್ಟರು. ಅದರ ಎರಡು ಗೋಪುರಗಳ ನಡುವೆಯೇ 1,280 ಮೀಟರ್. ಅಷ್ಟು ದೂರಕ್ಕೆ ಪುಟ್ಟ ರೇಡಿಯೊ ಮುಟ್ಟುವುದಿಲ್ಲ. ಶ್ರಮದಾನದಲ್ಲಿ ನಾವು ಸಾಲಾಗಿ ನಿಂತು ಮಣ್ಣಿನ ಬಾಂಡ್ಲಿ ದಾಟಿಸುತ್ತಿದ್ದೆವಲ್ಲ, ಹಾಗೆ ಒಂದು ಘಟಕ ಪಕ್ಕದ್ದಕ್ಕೆ ಕೊಡುತ್ತಾ, ತೀರ ಕೊನೆಯ ಘಟಕದ ಅಂಕಿಗಳು 46 ನೆಗೆತಗಳಲ್ಲಿ ಬಂದು ಸೇರಿದವು. ಸೆಕೆಂಡಿಗೆ 1,000 ಸಲ ಅಳತೆ. ಎಲ್ಲ ಘಟಕಗಳ ಗಡಿಯಾರವೂ ಒಂದೇ ಆಗಿರಬೇಕು. ಇಲ್ಲದಿದ್ದರೆ ಒಂದೇ ಗಳಿಗೆಯಲ್ಲಿ ಸೇತುವೆಯ ಯಾವ ಭಾಗ ಮೇಲೆ, ಯಾವುದು ಕೆಳಗೆ ಎಂದು ತಿಳಿಯದು.

ಇದನ್ನೆಲ್ಲ ಓದುವಾಗ ನನಗೆ ನೆನಪಾದವರು ನಮ್ಮ ಗಣಿತದ ಮೇಷ್ಟ್ರು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಹಿಂದಿನ ಕೊಠಡಿಯ ಗೋಡೆ ಬಿರುಕು ಬಿಟ್ಟಿತ್ತು. ಮೇಷ್ಟ್ರು ಅದಕ್ಕೆ ಅಡ್ಡಲಾಗಿ ಮೈದಾ ಅಂಟಿನಿಂದ ಕಾಗದದ ಪಟ್ಟಿ ಅಂಟಿಸಿ ತಾರೀಖು ಬರೆದರು. ನಾವು ಮುಸಿಮುಸಿ ನಕ್ಕೆವು. ಮಳೆಗಾಲದ ಒಂದು ಬೆಳಗ್ಗೆ ಪಟ್ಟಿ ಹರಿದಿತ್ತು. ಅವರು ಯಾರ ಅಪ್ಪಣೆಗೂ ಕಾಯಲಿಲ್ಲ. ನಮ್ಮನ್ನು ಮುಂದಿನ ವರಾಂಡಕ್ಕೆ ಸಾಗಿಸಿದರು. ಹನ್ನೊಂದನೇ ದಿನ ರಾತ್ರಿ ಗೋಡೆ ಬಿತ್ತು. ಬೆಂಚುಗಳು ಮುರಿದವು. ಆ ಬೆಂಚುಗಳ ಮೇಲೆ ಕೂರುತ್ತಿದ್ದವರಲ್ಲಿ ಅನೇಕರು ಇವತ್ತು ಈ ಶಾಮಿಯಾನದ ಕೆಳಗೆ ಇದ್ದೀರಿ.

ಸೆನ್ಸರ್ ಯಾವ ಗೋಡೆಯನ್ನೂ ಹಿಡಿದು ನಿಲ್ಲಿಸುವುದಿಲ್ಲ. ಅದು ಹೇಳುತ್ತದೆ, ಅಷ್ಟೆ. ಕೇಳಿದವರು ಎದ್ದು ಕೆಲಸ ಮಾಡಬೇಕು.

ಇವತ್ತು ಬೆಳಗ್ಗೆ ನಮ್ಮ ಹಳೆಯ ಎಂಟನೇ ತರಗತಿಗೆ ಹೋಗಿದ್ದೆ. ಕಿಟಕಿಯ ಮೇಲೆ ಬಿರುಕಿದೆ. ಹಬ್ಬಕ್ಕೆಂದು ಅದರ ಮೇಲೆ ಬಣ್ಣ ಬಳಿದಿದ್ದೇವೆ. ಸಮಿತಿಯವರಲ್ಲಿ ನನ್ನದೊಂದು ವಿನಂತಿ. ಸ್ವಾಗತ ಕಮಾನು ಮುಂದಿನ ವರ್ಷ ಆಗಲಿ. ಮೊದಲು ಒಬ್ಬ ಸಿವಿಲ್ ಎಂಜಿನಿಯರನ್ನು ಕರೆಸಿ ತೋರಿಸೋಣ, ಆ ಖರ್ಚು ನಮ್ಮ ಬ್ಯಾಚಿನದು. ಅಲ್ಲಿಯವರೆಗೆ ಆ ಕೊಠಡಿಯಲ್ಲಿ ಮಕ್ಕಳನ್ನು ಕೂರಿಸುವುದು ಬೇಡ.

ಕಾಗದದ ಪಟ್ಟಿಯನ್ನು ಆಗಲೇ ಅಂಟಿಸಿ ತಾರೀಖು ಬರೆದಿದ್ದೇನೆ. ಮಕ್ಕಳೇ, ದೂರದಿಂದಲೇ ದಿನಾ ನೋಡಿ, ಹರಿದರೆ ಹೇಳಿ. ಹಿರಿಯರೇ, ಅವರು ಹೇಳಿದ ದಿನ ನಾವು ಕೇಳಿಸಿಕೊಳ್ಳೋಣ.