ಹೊಟ್ಟೆ ಕೆಡಿಸುವುದು ಹಂಚಿದ ಬುತ್ತಿಯಲ್ಲ



ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಈ ಕಾರ್ಯಕ್ರಮಕ್ಕೆ ಕೇಳುಗರಿಂದ ಬರುವ ಪತ್ರಗಳ ಧಾಟಿಯೇ ಬೇರೆಯಾಗುತ್ತದೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯಿಂದ ಮೈಲಾರದ ಜಾತ್ರೆಗೆ ಬಂಡಿ ಕಟ್ಟುವವರು, ಉಳವಿಯ ಜಾತ್ರೆಗೆ ಚಕ್ಕಡಿ ಹೂಡುವವರು, ಅವರ ಮನೆಯ ಸೊಸೆಯಂದಿರು, ಕಾಲೇಜಿಗೆ ಹೋಗುವ ಮಕ್ಕಳು ಬರೆಯುತ್ತಾರೆ. ಎಲ್ಲರ ಪ್ರಶ್ನೆಯೂ ಒಂದೇ. ದಾರಿಯಲ್ಲಿ ಹತ್ತು ಚಕ್ಕಡಿಯವರು ಬುತ್ತಿ ಬಿಚ್ಚಿ ಕಲೆತು ಉಣ್ಣುತ್ತಾರೆ, ಆಮೇಲೆ ಯಾರಿಗಾದರೂ ವಾಂತಿ ಭೇದಿ ಆಗಿಯೇ ಆಗುತ್ತದೆ, ಯಾರ ಮನೆಯ ಅಡುಗೆಯೋ, ಯಾರ ಕೈಯೋ, ನಮ್ಮ ಬುತ್ತಿ ನಾವೇ ಉಂಡರೆ ಒಳ್ಳೆಯದಲ್ಲವೇ?

ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಟ್ಟೆ ಕೆಡಿಸುವುದು ಬಹುತೇಕ ನೆರೆಯವರ ಬುತ್ತಿಯಲ್ಲ, ನೀವೇ ನಸುಕಿನಲ್ಲಿ ಬಸಿದು ಬಿಸಿಬಿಸಿಯಾಗಿ ಡಬರಿಗೆ ತುಂಬಿ ಮುಚ್ಚಳ ಬಿಗಿದ ಅನ್ನ. ಇವತ್ತು ಮುಖ್ಯವಾಗಿ ಆ ಡಬರಿಯ ವಿಷಯ ಮಾತಾಡಬೇಕಾಗಿದೆ.

ಅನ್ನ ಕುದಿದರೆ ಎಲ್ಲ ಸತ್ತಿತು ಎಂದು ನಾವು ತಿಳಿದಿದ್ದೇವೆ. ಹಾಗಿಲ್ಲ. ಗದ್ದೆಯ ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಅಕ್ಕಿಯ ಜೊತೆಗೇ ಮನೆಗೆ ಬರುತ್ತದೆ. ಬ್ಯಾಸಿಲಸ್ ಸೀರಿಯಸ್ ಎಂದು ಅದರ ಹೆಸರು. ಕಷ್ಟಕಾಲದಲ್ಲಿ ಅದು ಗಟ್ಟಿ ಕವಚ ಕಟ್ಟಿಕೊಂಡು ಮಲಗುತ್ತದೆ. ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆ ಮಾಡುವ ರೈತರಿಗೆ ಇದು ಬೇಗ ತಿಳಿದೀತು: ಒಣಗಿದ ಬೀಜ ಹೇಗೆ ಹಸಿ ಮತ್ತು ಬೆಚ್ಚಗಿನ ಕಾವಿಗಾಗಿ ಕಾಯುತ್ತದೆಯೋ ಹಾಗೆ ಇದೂ ಕಾಯುತ್ತದೆ. ಕುದಿಯುವ ನೀರು ಆ ಕವಚವನ್ನು ಒಡೆಯುವುದಿಲ್ಲ. ತದ್ವಿರುದ್ಧವಾಗಿ ಕುದಿಯ ಬಿಸಿ ಅದನ್ನು ಎಬ್ಬಿಸುತ್ತದೆ. ಅನ್ನ ಬೆಂದಾಗ ಉಳಿದ ಬಹುತೇಕ ಜೀವಿಗಳು ಸತ್ತಿರುತ್ತವೆ, ಇದು ಉಳಿದಿರುತ್ತದೆ, ತಿನ್ನಲು ಡಬರಿ ತುಂಬ ಅನ್ನ ಸಿಕ್ಕಿರುತ್ತದೆ.

ಇನ್ನು ಬೇಕಾದದ್ದು ಕಾವು ಮಾತ್ರ. 60 ಡಿಗ್ರಿಗಿಂತ ಮೇಲಿದ್ದರೆ ಅದಕ್ಕೆ ಬೆಳೆಯಲಾಗದು, 5 ಡಿಗ್ರಿಗಿಂತ ಕೆಳಗೆ ಬಹುತೇಕ ಬೆಳೆಯದು. ನಡುವೆ ಬೆಳೆಯುತ್ತದೆ, 30ರ ಸುಮಾರಿಗೆ ಚೆನ್ನಾಗಿ ಬೆಳೆಯುತ್ತದೆ. ಸಣ್ಣ ಬೋಗುಣಿಯ ಅನ್ನ ಬೇಗ ಆರುತ್ತದೆ. ಹತ್ತು ಸೇರಿನ ಡಬರಿಯ ನಡುಭಾಗ ಹಾಗೆ ಆರುವುದಿಲ್ಲ. ಮುಚ್ಚಳ ಹಾಕಿ, ಮೇಲೆ ದಟ್ಟಿ ಸುತ್ತಿ, ಹುಲ್ಲಿನ ಮಧ್ಯೆ ಇಟ್ಟರಂತೂ ತಾಸುಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ. ನಮ್ಮವರು ಬೇಕೆಂದೇ ಹೀಗೆ ಮಾಡುತ್ತಾರೆ, ಊಟದ ಹೊತ್ತಿಗೆ ಬೆಚ್ಚಗಿರಲಿ ಎಂದು. ಆ ಬೆಚ್ಚಗಿನ ಹೊತ್ತೇ ಅಪಾಯದ ಹೊತ್ತು. ಅನುಕೂಲವಾದ ಕಾವಿನಲ್ಲಿ ಅದು ಅರ್ಧ ತಾಸಿಗೊಮ್ಮೆ ಇಮ್ಮಡಿಯಾಯಿತೆಂದು ಲೆಕ್ಕ ಹಾಕಿ: ಹತ್ತು ತಾಸಿನಲ್ಲಿ ಇಪ್ಪತ್ತು ಸಲ ಇಮ್ಮಡಿಯಾಗುತ್ತದೆ, ಒಂದಿದ್ದದ್ದು 10 ಲಕ್ಷ ದಾಟುತ್ತದೆ.

"ಉಣ್ಣುವ ಮೊದಲು ಇನ್ನೊಮ್ಮೆ ಬಿಸಿ ಮಾಡಿಬಿಟ್ಟರಾಯಿತು" ಎನ್ನುವವರಿದ್ದಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ತಳಮಳವಾಗುತ್ತದೆ, ಏಕೆಂದರೆ ತಿಳಿದವರೂ ಇದನ್ನೇ ಹೇಳುತ್ತಾರೆ. ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸಾಯಬಹುದು, ಆದರೆ ಅದು ಅಷ್ಟರಲ್ಲಿ ಅನ್ನದಲ್ಲಿ ಬಿಟ್ಟ ವಿಷ ಸಾಯುವುದಿಲ್ಲ. 121 ಡಿಗ್ರಿ ಶಾಖದಲ್ಲಿ ಒಂದೂವರೆ ತಾಸು ಇಟ್ಟರೂ ಆ ವಿಷ ಹಾಗೇ ಉಳಿಯುತ್ತದೆ. ಕುಕ್ಕರಿನ ಒಳಗಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಬಾಣಲೆಯಲ್ಲಿ ಒಗ್ಗರಣೆ ಹಾಕಿ ತಿರುವಿದರೆ ಏನಾದೀತು? ಇನ್ನೊಮ್ಮೆ ಹೇಳುತ್ತೇನೆ, ಮನೆಯಲ್ಲಿ ಕೇಳದೇ ಇದ್ದವರಿಗೂ ಹೇಳಿ: ತಡವಾಗಿ ಬಿಸಿ ಮಾಡುವುದರಿಂದ ಕೆಟ್ಟ ಅನ್ನ ಸರಿಹೋಗುವುದಿಲ್ಲ. ವಾಸನೆ ನೋಡಿ ತಿಳಿಯುತ್ತೇನೆ ಎನ್ನಬೇಡಿ. ಈ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಅನ್ನ ಲೋಳೆ ಬಿಟ್ಟು ಹಳಸುವುದಕ್ಕೆ ಬಹಳ ಮೊದಲೇ ಅದು ತಯಾರಾಗಿರಬಹುದು.

ಬ್ಯಾಡಗಿ ಕಡೆಯಿಂದ ಬರುವ ಪತ್ರಗಳಲ್ಲಿ ಇನ್ನೊಂದು ನಂಬಿಕೆ ಕಾಣುತ್ತದೆ. ಖಾರ ಹೆಚ್ಚು ಹಾಕಿದರೆ ಹುಳ ಸಾಯುತ್ತವೆ ಎಂಬುದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಅದರ ಕೆಂಪಿಗೂ ಗುಣಕ್ಕೂ. ಅದರ ಖಾರ ಕಡಿಮೆ, ಬಣ್ಣ ಹೆಚ್ಚು, ಅದೇ ಅದರ ಹೆಚ್ಚುಗಾರಿಕೆ. ಮೆಣಸಿನಕಾಯಿ ರಂಜಕ ತಿಂಗಳುಗಟ್ಟಲೆ ಕೆಡದೆ ಇರುವುದು ಉಪ್ಪು ಮತ್ತು ಹುಳಿಯ ಬಲದಿಂದ, ಖಾರದಿಂದಲ್ಲ. ಮಣ್ಣಿನ ಮೇಲೆ ಹರಡಿ ಒಣಗಿಸಿದ ಮಸಾಲೆ ಪದಾರ್ಥಗಳಲ್ಲಿ ನಾನು ಹೇಳಿದ ಮಲಗಿದ ಜೀವಿಯೂ ಇರುತ್ತದೆ. ಬೆಂದ ಅನ್ನಕ್ಕೆ ಮೇಲಿಂದ ಮಸಾಲೆ ಪುಡಿ ಉದುರಿಸಿ ಬೆಚ್ಚಗೆ ಮುಚ್ಚಿಟ್ಟರೆ ಹೊಸ ಬಿತ್ತನೆ ಮಾಡಿದ ಹಾಗೆಯೇ.

ಹೀಗೆ ಕೆಟ್ಟ ಅನ್ನ ಎರಡು ರೀತಿಯಲ್ಲಿ ಕಾಡುತ್ತದೆ. ಅನ್ನದಲ್ಲೇ ವಿಷ ತಯಾರಾಗಿದ್ದರೆ ಉಂಡ ಒಂದರಿಂದ ಆರು ತಾಸಿನೊಳಗೆ ವಾಂತಿ. ಬ್ಯಾಕ್ಟೀರಿಯಾ ಹೊಟ್ಟೆಗೆ ಹೋಗಿ ಕರುಳಿನಲ್ಲಿ ಬೇರೆ ವಿಷ ಬಿಟ್ಟರೆ ಎಂಟರಿಂದ ಹದಿನಾರು ತಾಸಿನ ನಂತರ ಹೊಟ್ಟೆನುಲಿ, ಭೇದಿ. ಈ ಎರಡನೆಯ ಲೆಕ್ಕ ದಯವಿಟ್ಟು ನೆನಪಿಡಿ. ಜನರ ಮಧ್ಯೆ ಮನಸ್ತಾಪ ಹುಟ್ಟುವುದು ಇಲ್ಲಿಂದಲೇ.

ಮದುವೆಯಾದ ಹೊಸದರಲ್ಲಿ ನಾನು ಅತ್ತೆಯವರ ಜೊತೆ ಉಳವಿಗೆ ಚಕ್ಕಡಿಯಲ್ಲಿ ಹೋಗಿದ್ದೆ. ತಂಡದಲ್ಲಿ ಒಂದು ಅನುಕೂಲಸ್ಥ ಕುಟುಂಬವಿತ್ತು. ಹಿಂದಿನ ರಾತ್ರಿ ಮಾಡಿ ತಂದ ಅನ್ನವನ್ನು ಮಧ್ಯಾಹ್ನ ಎರಡರ ಹೊತ್ತಿಗೆ ತಾವಷ್ಟೇ ಉಂಡರು. ಸಂಜೆ ಎಲ್ಲರ ಜೊತೆ ಕೂತು ರೊಟ್ಟಿ ತಿಂದರು. ನಡುರಾತ್ರಿಗೆ ಅವರ ಮನೆಯ ನಾಲ್ಕೂ ಮಂದಿಗೆ ಭೇದಿ. ಬೆಳಗಾಗುವಷ್ಟರಲ್ಲಿ ತಪ್ಪು ಯಾರ ಮೇಲೆ ಬಿತ್ತು ಗೊತ್ತೇ? ಕೂಲಿ ಮಾಡಿ ಬದುಕುವ ಒಬ್ಬ ಅವ್ವ ತಂದಿದ್ದ ಅಗಸಿ ಹಿಂಡಿಯ ಮೇಲೆ. ಅದೇ ಹಿಂಡಿಯನ್ನು ನಾವೆಲ್ಲ ತಿಂದಿದ್ದೆವು, ನಮಗೇನೂ ಆಗಿರಲಿಲ್ಲ. ಒಣ ಹಿಂಡಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ನೀರೇ ಇರುವುದಿಲ್ಲ. ಆದರೂ ಮರುದಿನ ಸಂಜೆ ಆಕೆ ತನ್ನ ಗಂಟು ಬಿಚ್ಚಲಿಲ್ಲ. ನಮ್ಮ ಅತ್ತೆ ಎದ್ದು ಹೋಗಿ, "ಯವ್ವಾ, ನಿನ್ನ ಹಿಂಡಿ ಇಲ್ಲದ ರೊಟ್ಟಿ ನಮಗ ಇಳಿಯೂದಿಲ್ಲ, ಬಾ" ಎಂದು ಕೈಹಿಡಿದು ಕರೆತಂದರು. ಆಮೇಲೆ ಓದಿ ಈ ವಿಷಯ ಕಲಿಸುವ ಕೆಲಸಕ್ಕೆ ಬಂದಾಗ ಆ ತಾಸುಗಳ ಲೆಕ್ಕ ನನಗೆ ಸ್ಪಷ್ಟವಾಯಿತು. ಭೇದಿಯಾದಾಗ ಜನ ಕಡೆಯ ಊಟವನ್ನು ದೂರುತ್ತಾರೆ. ತಪ್ಪು ಅದರ ಹಿಂದಿನ ಊಟದಲ್ಲಿರಬಹುದು. ದೂರು ಯಾವಾಗಲೂ ಬಡವರ ಗಂಟಿನ ಕಡೆಗೆ, ಬೇರೆ ಕೇರಿಯವರ ಗಂಟಿನ ಕಡೆಗೆ ವಾಲುತ್ತದೆ. ಇದು ಅನ್ಯಾಯ, ವಿಜ್ಞಾನದ ಪ್ರಕಾರವೂ ತಪ್ಪು.

ಕಲೆತು ಉಣ್ಣುವುದನ್ನು ಬಿಟ್ಟರೆ ಆ ಪ್ರಯಾಣದಲ್ಲಿ ಏನು ಉಳಿಯುತ್ತದೆ? ಹಗಲೆಲ್ಲ ಚಕ್ಕಡಿಗಳು ಒಂದರ ಹಿಂದೊಂದು ನಡೆಯುತ್ತವೆ, ಒಬ್ಬರ ಮುಖ ಒಬ್ಬರು ಕಾಣುವುದಿಲ್ಲ. ಸಂಜೆ ತೋಪಿನಲ್ಲಿ ಕೊಳ್ಳು ಹರಿದು ಎತ್ತುಗಳಿಗೆ ಮೇವು ನೀರು ಆದ ಮೇಲೆ ಜಮಖಾನ ಹಾಸುತ್ತಾರಲ್ಲ, ಮಾತು ಆಗುವುದು ಆವಾಗಲೇ. ಯಾರ ಹೊಲಕ್ಕೆ ಎಷ್ಟು ಗೋವಿನಜೋಳ ಬಂತು, ಯಾರ ಮಗಳಿಗೆ ಗಂಡು ಹುಡುಕುತ್ತಿದ್ದಾರೆ, ಯಾರ ಎತ್ತು ಕುಂಟುತ್ತಿದೆ, ನಾಳೆ ಘಟ್ಟದ ದಾರಿಯಲ್ಲಿ ಯಾರ ಚಕ್ಕಡಿ ಮುಂದಿರಬೇಕು, ಎಲ್ಲ ಅಲ್ಲೇ ತೀರ್ಮಾನ. ನಾನು ಕಂಡ ತಂಡಗಳಲ್ಲಿ ಕಡೆಯ ಚಕ್ಕಡಿ ಬಂದು ನಿಲ್ಲುವ ತನಕ ಯಾರೂ ಬುತ್ತಿ ಬಿಚ್ಚುತ್ತಿರಲಿಲ್ಲ.

ನಮ್ಮಲ್ಲಷ್ಟೇ ಅಲ್ಲ. ಕೆರಿಬಿಯನ್ ಸಮುದ್ರದಲ್ಲಿ ಹಾಯಿದೋಣಿಗಳಲ್ಲೇ ಮನೆ ಮಾಡಿಕೊಂಡು ದ್ವೀಪದಿಂದ ದ್ವೀಪಕ್ಕೆ ಹೋಗುವ ಕುಟುಂಬಗಳಿವೆ. ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿ ಚಂಡಮಾರುತದ ಕಾಲ. ಆಗ ಬಹಳಷ್ಟು ದೋಣಿಗಳು ದಕ್ಷಿಣಕ್ಕೆ ಸರಿದು ಗ್ರೆನಡಾದಂಥ ದ್ವೀಪಗಳ ಕೊಲ್ಲಿಗಳಲ್ಲಿ ತಂಗುತ್ತವೆ. ಸಂಜೆ ಒಂದೊಂದು ದೋಣಿಯವರು ಒಂದೊಂದು ಅಡುಗೆ ಹಿಡಿದು ದಡಕ್ಕೆ ಬಂದು, ನಿನ್ನೆ ತನಕ ಪರಿಚಯವಿಲ್ಲದವರ ಜೊತೆ ಕೂತು ಉಣ್ಣುತ್ತಾರೆ. ಬೇರೆ ಬೇರೆ ದೇಶದವರು, ಬೇರೆ ಬೇರೆ ಭಾಷೆಯವರು. ಅಲ್ಲಿಯೂ ಸೆಕೆ, ಅಲ್ಲಿಯೂ ಜಾಗ ಕಡಿಮೆ, ಅನ್ನ ಕೆಡುವ ನಿಯಮ ಅಲ್ಲಿಯೂ ಇದೇ. ಹಾಗೆಂದು ಅವರು ತಂತಮ್ಮ ದೋಣಿಯೊಳಗೆ ಬಾಗಿಲು ಹಾಕಿಕೊಂಡು ಕೂತಿಲ್ಲ.

ನನ್ನ ಸಮಯ ಬಹಳ ಉಳಿದಿಲ್ಲ, ಏನು ಮಾಡಬೇಕೆಂದು ಬೇಗ ಹೇಳುತ್ತೇನೆ. ಮನೆಯಿಂದ ಒಯ್ಯುವುದು ಒಣಗಿದ್ದಿರಲಿ. ಎರಡೂ ಮೈ ಗರಿಯಾದ ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮಾದ್ಲಿ, ಶೇಂಗಾ ಹೋಳಿಗೆ, ಇವು ಪ್ರಯಾಣಕ್ಕೆಂದೇ ನಮ್ಮ ಹಿರಿಯರು ಆಯ್ದುಕೊಂಡ ಅಡುಗೆ. ನೀರು ಹೋಗಿರುವುದರಿಂದ ಅವು ಉಳಿಯುತ್ತವೆ. ಕಡಲೆಬೇಳೆ ಹೂರಣದ ಹೋಳಿಗೆ ಹಾಗಲ್ಲ, ಅದರಲ್ಲಿ ತೇವವಿದೆ, ಹೊರಟ ದಿನವೇ ಮುಗಿಸಿ. ಎಣ್ಣೆಗಾಯಿಯೂ ಅಷ್ಟೇ. ಮೊಸರನ್ನ ಒಯ್ಯಲೇಬೇಕೆಂದರೆ ಅನ್ನವನ್ನು ಅಗಲವಾದ ಪರಾತದಲ್ಲಿ ತೆಳುವಾಗಿ ಹರಡಿ ಪೂರ್ತಿ ಆರಿಸಿ, ಹುಳಿ ಮೊಸರನ್ನು ಧಾರಾಳವಾಗಿ ಕಲಸಿ, ಹಾಲಿಗೆ ಚಮಚ ಮೊಸರು ಬೆರೆಸಿ ಸಾಕು ಎನ್ನಬೇಡಿ, ಮೊದಲ ಊಟಕ್ಕೇ ತೀರಿಸಿ. ಕಲಸಲು ಸೌಟು ಬಳಸಿ. ಕೈಯಲ್ಲಿ ಗಾಯ, ಕುರು ಇದ್ದವರು ಬಡಿಸುವ ಕೆಲಸ ಇನ್ನೊಬ್ಬರಿಗೆ ಬಿಡಲಿ. ಮೈಲಾರದ ಹೊಳೆಯ ನೀರನ್ನು ಕುದಿಸಿ ಆರಿಸಿ ಕುಡಿಯಿರಿ.

ಭೇದಿ ಹತ್ತಿದರೆ ಗಾಬರಿ ಬೇಡ, ಆದರೆ ಮೈಯ ನೀರು ಒಣಗಲು ಬಿಡಬೇಡಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾ ಚಮಚದ ಅಳತೆಯಲ್ಲಿ. ಗುಟುಕು ಗುಟುಕಾಗಿ ಕುಡಿಸುತ್ತಿರಿ. ಮಗುವಿಗೆ ಮೂತ್ರ ಕಡಿಮೆಯಾದರೆ, ಕಣ್ಣು ಗುಳಿಬಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಚಕ್ಕಡಿಯಲ್ಲೇ ಇಟ್ಟುಕೊಳ್ಳದೆ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ.

ಅನ್ನ ಬೇಡವೇ ಎಂದು ಕೇಳುವಿರಿ. ಬೇಕು. ಅಕ್ಕಿಯನ್ನು ಅಕ್ಕಿಯಾಗಿಯೇ ಒಯ್ಯಿರಿ, ಅದು ಕೆಡುವುದಿಲ್ಲ. ತಂಗುವ ಜಾಗದಲ್ಲಿ ಎಲ್ಲ ಚಕ್ಕಡಿಯವರೂ ಸೇರಿ ಒಂದು ಒಲೆ ಹೂಡಿ, ಅನ್ನ ಇಳಿಸಿದ ಮೇಲೆ ಹಬೆಯಾಡುತ್ತಿರುವಾಗಲೇ ಪಂಕ್ತಿ ಹಾಕಿ. ಉಳಿದ ಅನ್ನವನ್ನು ಬೆಳಗಿಗೆ ಎತ್ತಿಡಬೇಡಿ, ಎತ್ತುಗಳಿಗೂ ಹಾಕಬೇಡಿ. ಈ ಸಲ ಹೊರಡುವಾಗ ಅನ್ನದ ಡಬರಿಯನ್ನು ಮನೆಯಲ್ಲಿ ಬಿಡಿ, ಪಕ್ಕದ ಚಕ್ಕಡಿಯವರಿಗಾಗಿ ಇನ್ನೊಂದಿಪ್ಪತ್ತು ರೊಟ್ಟಿ ಹೆಚ್ಚಿಗೆ ಕಟ್ಟಿಕೊಳ್ಳಿ.