ಲ್ಯಾಪ್‌ಟಾಪ್ ಖರೀದಿ: ಆಕಸ್ಮಿಕ ಹಾನಿ ರಕ್ಷಣೆ ಅಗತ್ಯವೇ?

(ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ಹೊಸ ಲ್ಯಾಪ್‌ಟಾಪಿನೊಂದಿಗೆ ಬರುವ ವಾರಂಟಿಯು ತಯಾರಿಕಾ ದೋಷಗಳಿಗೆ ಮಾತ್ರ ಅನ್ವಯಿಸುತ್ತದೆ. ಕೈಜಾರಿ ಬಿದ್ದು ಪರದೆ ಒಡೆದರೆ, ಕೀಲಿಮಣೆಯ ಮೇಲೆ ಚಹಾ ಚೆಲ್ಲಿದರೆ ದುರಸ್ತಿ ವೆಚ್ಚ ಪಂಚಾಯತಿಯದೇ. ಆ ವೆಚ್ಚ ಭರಿಸುವ ಆಕಸ್ಮಿಕ ಹಾನಿ ರಕ್ಷಣೆಗೆ ಪ್ರತ್ಯೇಕ ಶುಲ್ಕವಿದೆ.

ಅದನ್ನು ಕೊಳ್ಳಬೇಕೇ? ಲೆಕ್ಕ ಹಾಕಿ ನೋಡೋಣ. 3 ವರ್ಷಗಳ ರಕ್ಷಣೆಗೆ ರೂ. 5,000, ಪರದೆ ಬದಲಿಸಲು ರೂ. 10,000 ಎಂದಿಟ್ಟುಕೊಳ್ಳಿ. ಎರಡು ಯಂತ್ರಗಳಲ್ಲಿ ಒಂದು ಆ ಅವಧಿಯಲ್ಲಿ ಒಡೆದರೆ ಮಾತ್ರ ಶುಲ್ಕವೂ ವೆಚ್ಚವೂ ಸಮವಾಗುತ್ತವೆ. ಕಚೇರಿಯ ಮೇಜಿನ ಮೇಲೆಯೇ ಇರುವ ಯಂತ್ರಕ್ಕೆ ಅಂತಹ ಅಪಾಯ ಕಡಿಮೆ, ರಕ್ಷಣೆ ಅನಗತ್ಯ. ಗ್ರಾಮಸಭೆಗೆ, ಕಾಮಗಾರಿ ಸ್ಥಳಕ್ಕೆ ದ್ವಿಚಕ್ರ ವಾಹನದಲ್ಲಿ ಒಯ್ಯುವ ಯಂತ್ರಕ್ಕೆ ಅದು ಯೋಗ್ಯ.

ಕೊಳ್ಳುವ ಮುನ್ನ ಷರತ್ತುಗಳನ್ನು ಓದಿರಿ. ಕಳವು ಸಾಮಾನ್ಯವಾಗಿ ಇದರಲ್ಲಿ ಸೇರಿರುವುದಿಲ್ಲ. ವರ್ಷಕ್ಕೆ ಎಷ್ಟು ಬಾರಿ ದುರಸ್ತಿ, ಪ್ರತಿ ಬಾರಿ ನಾವು ಭರಿಸಬೇಕಾದ ಪಾಲೆಷ್ಟು, ದುರಸ್ತಿಗಾರರು ಕಚೇರಿಗೇ ಬರುವರೇ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಯಂತ್ರದ ಕ್ರಮಸಂಖ್ಯೆಯನ್ನೂ ರಕ್ಷಣೆಯ ಅಂತಿಮ ದಿನಾಂಕವನ್ನೂ ದಾಸ್ತಾನು ವಹಿಯಲ್ಲಿ ನಮೂದಿಸಿರಿ.

ಕೊನೆಯದಾಗಿ, ಈ ರಕ್ಷಣೆ ಯಂತ್ರವನ್ನು ಸರಿಪಡಿಸೀತು. ಅದರೊಳಗಿನ ಕಡತಗಳನ್ನು ಮರಳಿಸದು. ಅರ್ಹ ಫಲಾನುಭವಿಗಳ ಪಟ್ಟಿ ಅಳಿಸಿಹೋದರೆ ಕಾಯಬೇಕಾದುದು ಸೂರಿಲ್ಲದ ಕುಟುಂಬ. ಆದುದರಿಂದ ರಕ್ಷಣೆ ಕೊಂಡರೂ ಕೊಳ್ಳದಿದ್ದರೂ ಪ್ರತಿವಾರ ಕಡತಗಳ ಪ್ರತಿಯನ್ನು ಬೇರೆಡೆ ಉಳಿಸಿರಿ. ಅದಕ್ಕೆ ತಗಲುವ ವೆಚ್ಚ ಅತ್ಯಲ್ಪ.